ಕತ್ತಲಾದ ಕೂಡಲೇ ಆಫ್ ಆಗುತ್ತಿದ್ದ ಕ್ಯಾಮೆರಾ, ಮತ್ತು ನೆಟ್ ಕೇಬಲಿನೊಳಗಿನ ಕರೆಂಟು

ನಮ್ಮ ಅಡಿಕೆ ಕಣದ ಕ್ಯಾಮೆರಾಕ್ಕೆ ಒಂದು ಚಾಳಿ ಇತ್ತು. ಹಗಲು ಪೂರ್ತಿ ಸರಿಯಾಗಿ ಓಡುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಒಳಗೆ ಕ್ಲಿಕ್ ಅಂತ ಒಂದು ಸಣ್ಣ ಸದ್ದು, ಆಮೇಲೆ ಆಫ್. ಸ್ವಲ್ಪ ಹೊತ್ತು ಬಿಟ್ಟು ತಾನೇ ಆನ್ ಆಗುತ್ತದೆ, ಚಿತ್ರ ಬರುತ್ತದೆ, ಮತ್ತೆ ಕ್ಲಿಕ್, ಮತ್ತೆ ಆಫ್. ಬೆಳಗಿನವರೆಗೂ ಇದೇ ಆಟ. ಬೇಯಿಸಿದ ಅಡಿಕೆ ಒಣಗೋಕೆ ಹಾಕಿರೋ ಜಾಗ ಅದು, ಕಳ್ಳತನ ಆಗೋದಾದರೆ ರಾತ್ರಿಯೇ ಅಲ್ವಾ. ಹಗಲು ಮಾತ್ರ ಕಾಣೋ ಕ್ಯಾಮೆರಾ ಇಟ್ಟುಕೊಂಡು ಏನು ಮಾಡೋದು?

ಫಿಟ್ ಮಾಡಿದವರಿಗೆ ಫೋನ್ ಮಾಡಿದರೆ "ನಿಮ್ಮಲ್ಲಿ ವೋಲ್ಟೇಜ್ ಕಮ್ಮಿ ಸಾರ್" ಅಂದರು. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ವೋಲ್ಟೇಜ್ ಕಮ್ಮಿ ಅನ್ನೋದು ಎಲ್ಲದಕ್ಕೂ ಹೊಂದುವ ಉತ್ತರ. ಆದರೆ ಅದೇ ಕರೆಂಟಿನಲ್ಲಿ ಅಂಗಳದ ಕ್ಯಾಮೆರಾ ಆರಾಮಾಗಿ ಓಡುತ್ತಿತ್ತು. ಅದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಕೇಬಲಿನ ಉದ್ದ ಒಂದೇ. ಅಂಗಳದ್ದು ಮನೆಯಿಂದ ಇಪ್ಪತ್ತು ಮೀಟರ್ ಇರಬಹುದು, ಕಣದ್ದು ಎಂಬತ್ತು.

ಕಣದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಹಾಗಾಗಿ ಅವರು ಕರೆಂಟನ್ನೂ ನೆಟ್ ಕೇಬಲಿನಲ್ಲೇ ಕಳಿಸಿದ್ದರು. ಪಿಒಇ, ಅಂದರೆ ಪವರ್ ಓವರ್ ಈಥರ್ನೆಟ್ ಅಂತಾರಲ್ಲ, ಅದೇ ಅಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಮನೆಯ ಕಡೆ ಒಂದು 12 ವೋಲ್ಟಿನ ಅಡಾಪ್ಟರ್, ಅದನ್ನು ಕೇಬಲಿಗೆ ಸೇರಿಸೋಕೆ ಒಂದು ಗೇಣುದ್ದದ ತುಂಡು ವೈರು, ಆ ತುದಿಯಲ್ಲೂ ಅಂಥದ್ದೇ ಇನ್ನೊಂದು. ನೆಟ್ ಕೇಬಲಿನಲ್ಲಿ ಎಂಟು ಎಳೆ ಇರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ನಾಲ್ಕು ಎಳೆ ಸಾಕು. ಉಳಿದ ನಾಲ್ಕರಲ್ಲಿ, ಅಂದರೆ ನೀಲಿ ಜೋಡಿಯಲ್ಲಿ ಪ್ಲಸ್, ಕಂದು ಜೋಡಿಯಲ್ಲಿ ಮೈನಸ್ ಹಾಕಿ 12 ವೋಲ್ಟನ್ನು ಸುಮ್ನೆ ಆ ಕಡೆಗೆ ತಳ್ಳುವುದು. ಇಷ್ಟೇ. ಅಂಗಡಿಯಲ್ಲಿ ಇದನ್ನೂ ಪಿಒಇ ಅಂತಲೇ ಮಾರುತ್ತಾರೆ.

ಮಲ್ಟಿಮೀಟರ್ ತಗೊಂಡು ಕಣಕ್ಕೆ ಹೋದೆ. ಕ್ಯಾಮೆರಾದ ಜ್ಯಾಕ್ ಕಿತ್ತು ಅಳೆದರೆ ಸರಿಯಾಗಿ 12 ತೋರಿಸುತ್ತದೆ. ಇಲ್ಲೇ ಎಲ್ಲರೂ ಮೋಸ ಹೋಗೋದು. ಕರೆಂಟು ಹರಿಯದೇ ಇದ್ದಾಗ ಎಷ್ಟು ಉದ್ದದ ವೈರಾದರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹಾಗಾಗಿ ಜ್ಯಾಕಿನ ಹಿಂದಿನ ವೈರಿನ ಸಿಪ್ಪೆ ಸ್ವಲ್ಪ ಕೆರೆದು, ಕ್ಯಾಮೆರಾ ಓಡುತ್ತಿರುವಾಗಲೇ ಪ್ರೋಬ್ ಹಿಡಿದೆ. ಒಂಬತ್ತರ ಆಸುಪಾಸು ಬಂತು. ಮೂರು ವೋಲ್ಟ್ ದಾರಿಯಲ್ಲೇ ಖರ್ಚು! ಇದು ಹಗಲಿನ ಕಥೆ. ಆಮೇಲೆ ಅಂಗೈಯಿಂದ ಕ್ಯಾಮೆರಾದ ಮುಖ ಮುಚ್ಚಿದೆ. ಅದಕ್ಕೆ ಕತ್ತಲಾಯಿತು ಅನ್ನಿಸಿತು. ಕ್ಲಿಕ್. ರಾತ್ರಿ ಕಾಣೋಕೆ ಬೇಕಾದ ಇನ್‌ಫ್ರಾರೆಡ್ ದೀಪಗಳು ನಸುಗೆಂಪಗೆ ಹತ್ತಿದವು, ಮೀಟರಿನ ಅಂಕಿ ದಡದಡ ಇಳಿಯಿತು, ಕ್ಯಾಮೆರಾ ಸತ್ತಿತು, ಅಂಕಿ ವಾಪಸ್ 12ಕ್ಕೆ ಹಾರಿತು. ಕ್ಯಾಮೆರಾ ಹಾಳಾಗಿಲ್ಲ ಅನ್ನೋದು ಆಗ ಖಾತ್ರಿಯಾಯಿತು.

ರಾತ್ರಿ ಊಟ ಆದ ಮೇಲೆ ಕಾಗದ ಹಿಡಿದು ಲೆಕ್ಕಕ್ಕೆ ಕೂತೆ. ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಇಲ್ಲೇ ಇದೆ. ನೆಟ್ ಕೇಬಲಿನ ಸಾಮಾನ್ಯ ತಾಮ್ರದ ಎಳೆಗೆ ನೂರು ಮೀಟರಿಗೆ ಸುಮಾರು 8.4 ಓಮ್ ರೆಸಿಸ್ಟೆನ್ಸ್. ಎಂಬತ್ತು ಮೀಟರಿಗೆ 6.7. ಹೋಗೋಕೆ ಎರಡು ಎಳೆ ಜೊತೆಯಾಗಿವೆ, ಹಾಗಾಗಿ ಅರ್ಧ. ಬರೋಕೂ ಎರಡು ಎಳೆ, ಅಲ್ಲೂ ಅರ್ಧ. ಎರಡೂ ಅರ್ಧ ಸೇರಿ ಮತ್ತೆ 6.7 ಓಮ್. 12 ವೋಲ್ಟಿಗೆ ಇಷ್ಟು ರೆಸಿಸ್ಟೆನ್ಸ್ ಅಡ್ಡ ಇದ್ದರೆ, ನೀವು ತಲೆಕೆಳಗಾಗಿ ನಿಂತರೂ ಆ ತುದಿಗೆ 5.4 ವ್ಯಾಟಿಗಿಂತ ಜಾಸ್ತಿ ತಲುಪಿಸೋಕೆ ಆಗೋದಿಲ್ಲ. ವೋಲ್ಟೇಜಿನ ವರ್ಗವನ್ನು ರೆಸಿಸ್ಟೆನ್ಸಿನ ನಾಲ್ಕರಷ್ಟರಿಂದ ಭಾಗಿಸಿದರೆ ಬರೋ ಗರಿಷ್ಠ ಅದು. ನಮ್ಮ ಕ್ಯಾಮೆರಾ ಹಗಲು ಎರಡೂವರೆ ವ್ಯಾಟ್ ಎಳೆದರೆ, ದೀಪ ಹತ್ತಿದ ಮೇಲೆ ಆರೇಳು ವ್ಯಾಟ್ ಕೇಳುತ್ತದೆ. ಇಲ್ಲದ್ದನ್ನು ಎಲ್ಲಿಂದ ತರೋದು?

ಅದೇ ಏಳು ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ? ಕರೆಂಟು 0.15 ಆಂಪ್ಸ್ ಕೂಡ ಆಗೋದಿಲ್ಲ, ಕೇಬಲಿನಲ್ಲಿ ಕಳೆಯೋದು ಒಂದು ವೋಲ್ಟ್ ಮಾತ್ರ. ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ಯಾಂಕ್ ತಗ್ಗಿನಲ್ಲಿದ್ದರೆ ಕೊನೇ ಸಾಲಿನ ಮರಕ್ಕೆ ನೀರು ಹನಿಯೋದೂ ಇಲ್ಲ, ಟ್ಯಾಂಕನ್ನು ಗುಡ್ಡದ ಮೇಲಿಟ್ಟರೆ ಅದೇ ಪೈಪಿನಲ್ಲಿ ಅಲ್ಲಿವರೆಗೂ ಹೋಗುತ್ತದೆ.

ಅಪ್ಪಯ್ಯ ಎದುರಿಗೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ನೆಟ್ ವೈರಿನಲ್ಲಿ ಕರೆಂಟು ಹೋಗೋ ವಿಷಯ ಹೇಳಿದೆ. "ಅದ್ರಲ್ಲಿ ಎಂಥ ಹೊಸ್ತು ಮಾರಾಯ, ಲ್ಯಾಂಡ್‌ಲೈನ್ ಫೋನಿಗೂ ಹಂಗೇ ಅಲ್ವಾ? ಮನೇಲಿ ಕರೆಂಟ್ ಹೋದ್ರೂ ರಿಂಗಾಗ್ತಿತ್ತಲ್ಲ" ಅಂದರು. ಹೌದು! ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ಎರಡು ಎಳೆ ವೈರಿನಲ್ಲಿ ನಮ್ಮನೆ ಜಗುಲಿ ತನಕ ಬರುತ್ತಿತ್ತು. ಊರಿಗೆ ಊರೇ ಕತ್ತಲಲ್ಲಿದ್ದರೂ ಫೋನು ಮಾತ್ರ ಬದುಕಿರುತ್ತಿತ್ತು. ಪಿಒಇ ಶುರುವಾದದ್ದೂ ಬಹುಮಟ್ಟಿಗೆ ಆಫೀಸುಗಳಲ್ಲಿ ನೆಟ್‌ವರ್ಕ್ ಮೇಲೆ ಓಡೋ ಐಪಿ ಫೋನುಗಳಿಗಾಗಿಯೇ. ಪ್ರತಿ ಮೇಜಿನ ಫೋನಿಗೂ ಒಂದೊಂದು ಅಡಾಪ್ಟರ್ ಸಿಕ್ಕಿಸೋದು ಯಾರಿಗೆ ಬೇಕು ಹೇಳಿ.

ಇದಕ್ಕೊಂದು ಸರಿಯಾದ ನಿಯಮ ಬಂದದ್ದು 2003ರಲ್ಲಿ, 802.3 ಎಎಫ್ ಅಂತ ಅದರ ಹೆಸರು. ಸ್ವಿಚ್ಚಿನ (ಹಲವು ನೆಟ್ ಕೇಬಲುಗಳನ್ನು ಒಟ್ಟಿಗೆ ಸೇರಿಸೋ ಪೆಟ್ಟಿಗೆ) ಕಡೆ ಒಂದು ಪೋರ್ಟಿಗೆ 15.4 ವ್ಯಾಟ್, ಆ ತುದಿಯಲ್ಲಿ 12.95 ವ್ಯಾಟ್ ಖಾತ್ರಿ. ಈ 12.95 ಎಲ್ಲಿಂದ ಬಂತು ಅಂತ ನೋಡಿದಾಗ ಖುಷಿಯಾಯಿತು, ನಾನು ಕಾಗದದ ಮೇಲೆ ಮಾಡಿದ ಲೆಕ್ಕವೇ ಅದು. ಕಡೇ ಪಕ್ಷ 44 ವೋಲ್ಟ್, 0.35 ಆಂಪ್ಸ್, ಕೇಬಲು ತೀರಾ ಕಳಪೆ ಅಂದರೆ ನೂರು ಮೀಟರಿಗೆ 20 ಓಮ್ ಅಂತ ಹಿಡಿದಿದ್ದಾರೆ. ದಾರಿಯಲ್ಲಿ 7 ವೋಲ್ಟ್ ಹೋಯಿತು, 37 ಉಳಿಯಿತು, ಅದನ್ನು 0.35ರಿಂದ ಗುಣಿಸಿ. 2009ರಲ್ಲಿ ಬಂದ 802.3 ಎಟಿಯಲ್ಲಿ 30 ವ್ಯಾಟ್ ಕಳಿಸಿದರೆ 25.5 ತಲುಪುತ್ತದೆ. 2018ರ 802.3 ಬಿಟಿಯಲ್ಲಿ ಎಂಟೂ ಎಳೆ ಬಳಸಿ 90 ವ್ಯಾಟ್ ತನಕ ಹೋಗಿದ್ದಾರೆ. ನಮ್ಮ ಕಣಕ್ಕೆ ಎಎಫ್ ಧಾರಾಳ ಸಾಕು.

ತಮಾಷೆ ಏನು ಗೊತ್ತಾ, ಕ್ಯಾಮೆರಾ ಕಳಚಿ ಅದರ ಹೊಟ್ಟೆ ಕೆಳಗಿನ ಸ್ಟಿಕರ್ ನೋಡಿದರೆ "12 ವೋಲ್ಟ್ ಡಿಸಿ / ಪಿಒಇ 802.3 ಎಎಫ್" ಅಂತ ಸ್ಪಷ್ಟವಾಗಿ ಬರೆದಿತ್ತು. ಅದಕ್ಕೆ 48 ತಿನ್ನೋ ಯೋಗ್ಯತೆ ಮೊದಲಿಂದಲೂ ಇತ್ತು. ಫಿಟ್ ಮಾಡಿದವರು ಸ್ವಿಚ್ಚಿನ ದುಡ್ಡು ಉಳಿಸೋಕೆ ತುಂಡು ವೈರು ಹಾಕಿದ್ದರು.

ಸರಿ, ಒಂದು ಪಿಒಇ ಸ್ವಿಚ್ ತರೋಣ ಅಂತ ಶಿವಮೊಗ್ಗಕ್ಕೆ ಹೋದೆ. ಅಂಗಡಿಯವರು ಮೊದಲು ತೋರಿಸಿದ್ದು 24 ವೋಲ್ಟಿನ ಪ್ಯಾಸಿವ್ ಪೆಟ್ಟಿಗೆ. ಬೇಡ, ಎಎಫ್ ಇರೋದು ಕೊಡಿ ಅಂದೆ. "ಎಲ್ಲಾ ಪಿಒಇನೂ ಒಂದೇ ಸಾರ್" ಅಂದರು. ಒಂದೇ ಅಲ್ಲ ಸ್ವಾಮಿ. ಪ್ಯಾಸಿವ್ ಅಂದರೆ ಆ ತುದಿಯಲ್ಲಿ ಯಾರಿದ್ದಾರೆ ಅಂತ ನೋಡದೆ ವೋಲ್ಟೇಜ್ ಬಿಟ್ಟುಕೊಂಡೇ ಇರುತ್ತದೆ. ಅಲ್ಲಿರೋದು ಕ್ಯಾಮೆರಾನೋ ಲ್ಯಾಪ್‌ಟಾಪೋ ಅದಕ್ಕೆ ಬೇಕಾಗಿಲ್ಲ. ಎಎಫ್ ಸ್ವಿಚ್ ಮೊದಲು ಕೇಳಿ ಆಮೇಲೆ ಕೊಡುತ್ತದೆ. ಕೇಬಲ್ ಸಿಕ್ಕಿಸಿದಾಗ ಅದು 10 ವೋಲ್ಟಿನೊಳಗೆ ಸಣ್ಣದಾಗಿ ತಟ್ಟಿ ನೋಡುತ್ತದೆ. ಆ ತುದಿಯಲ್ಲಿ 25 ಕಿಲೋ ಓಮಿನ ಹತ್ತಿರದ ಒಂದು ರೆಸಿಸ್ಟೆನ್ಸ್ ಕಂಡರೆ ಮಾತ್ರ ಇದು ಪಿಒಇ ಸಾಧನ ಅಂತ ನಂಬುತ್ತದೆ. ಆಮೇಲೆ ಇನ್ನೊಂದು ಸುತ್ತು ತಟ್ಟಿ ನಿನಗೆ ಎಷ್ಟು ವ್ಯಾಟ್ ಬೇಕು, ಯಾವ ಕ್ಲಾಸು ಅಂತ ತಿಳಿದುಕೊಳ್ಳುತ್ತದೆ. ಅಷ್ಟಾದ ಮೇಲೆಯೇ 48. ಕೇಬಲ್ ಕಿತ್ತರೆ ಸೆಕೆಂಡಿನೊಳಗೆ ಬಂದ್. ಮನೆಗೆ ತಂದ ಮೇಲೆ ನಾನು ಹಳೇ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದೆ. ನೆಟ್ಟಿನ ಹಸಿರು ದೀಪ ಹತ್ತಿತು, ಪಿಒಇಯ ಕಿತ್ತಳೆ ದೀಪ ಹತ್ತಲಿಲ್ಲ. ಕ್ಯಾಮೆರಾ ಸಿಕ್ಕಿಸಿದಾಗ ಒಂದು ಕ್ಷಣ ಯೋಚನೆ ಮಾಡಿ ಎರಡೂ ಹತ್ತಿದವು.

ಡೇಟಾ ಹೋಗೋ ಎಳೆಯಲ್ಲೇ ಕರೆಂಟೂ ಹೋದರೆ ಎರಡೂ ಕಲಸಿ ಹೋಗೋದಿಲ್ವಾ ಅಂತ ನನ್ನ ಭಾವ ಕೇಳಿದ್ದ. ಒಳ್ಳೇ ಪ್ರಶ್ನೆ. ಡೇಟಾ ಇರೋದು ಒಂದು ಜೋಡಿಯ ಎರಡು ಎಳೆಗಳ ನಡುವಿನ ವ್ಯತ್ಯಾಸದಲ್ಲಿ. ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಸುರುಳಿಯ ನಡುಮಧ್ಯಕ್ಕೆ ಕರೆಂಟು ಕೊಟ್ಟರೆ ಎರಡೂ ಎಳೆ ಒಂದೇ ಸಮ ಮೇಲೇರುತ್ತವೆ, ನಡುವಿನ ವ್ಯತ್ಯಾಸ ಹಾಗೇ ಉಳಿಯುತ್ತದೆ. ಆ ತುದಿಯಲ್ಲೂ ಅದೇ ರೀತಿ ನಡುವಿನಿಂದ ಕರೆಂಟು ಹೊರಗೆ ತೆಗೆಯುತ್ತಾರೆ. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಡೇಟಾಕ್ಕೇ ಬೇಕು, ಆದರೂ ಪಿಒಇ ನಡೆಯೋದು ಇದರಿಂದಲೇ.

ಇನ್ನು ಕೇಬಲ್. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಹಳೇ ಕೇಬಲಿನ ತುದಿ ಕತ್ತರಿಸಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಕೆರೆದಲ್ಲಿ ಬೆಳ್ಳಗೆ ಮಿಂಚಿತು. ಅಲ್ಯೂಮಿನಿಯಂ! ಸಿಸಿಎ ಅನ್ನೋದು ಇದನ್ನೇ, ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಹೊದಿಕೆ. ಒಂದೆರಡು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಇದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ, ಅಂದರೆ ನಾನು ಲೆಕ್ಕ ಹಾಕಿದ 6.7 ಓಮ್ ನಿಜವಾಗಿ ಹತ್ತೂವರೆ. 12 ವೋಲ್ಟಿಗೆ ಆಗ ಸಿಗೋದು ಮೂರೂವರೆ ವ್ಯಾಟಿನೊಳಗೆ. ಹಗಲು ಒಂಬತ್ತು ವೋಲ್ಟ್ ಯಾಕೆ ಬಂತು ಅನ್ನೋದಕ್ಕೂ ಲೆಕ್ಕ ಕೂಡಿತು.

ನಿಜ ಹೇಳಬೇಕಂದರೆ, 48ಕ್ಕೆ ಬದಲಾಯಿಸಿದ ಮೇಲೆ ಆ ಹಳೇ ಕೇಬಲಿನಲ್ಲೂ ಕ್ಯಾಮೆರಾ ರಾತ್ರಿಯಿಡೀ ಓಡಿತು. ಕಳೆದದ್ದು ಒಂದೂವರೆ ವೋಲ್ಟ್ ಅಷ್ಟೆ, 48ರಲ್ಲಿ ಅದು ಲೆಕ್ಕಕ್ಕಿಲ್ಲ. "ಓಡ್ತಾ ಇದೆಯಲ್ಲ, ಬಿಡು" ಅಂತ ಭಾವ ಅಂದ. ನಾನು ಬಿಡಲಿಲ್ಲ. ಅಲ್ಯೂಮಿನಿಯಂ ಪ್ಲಗ್ಗಿನೊಳಗೆ ಹೊಂದಿ ಕೂರೋದಿಲ್ಲ, ನಮ್ಮ ಮಳೆಗಾಲದ ತೇವಕ್ಕೆ ತುದಿ ಕಿಲುಬು ಹಿಡಿಯುತ್ತದೆ, ಗಾಳಿಗೆ ಕೇಬಲ್ ತೂಗಾಡಿ ಒಳಗೆ ಎಳೆ ಮುರಿದರೆ ಹೊರಗಿಂದ ಗೊತ್ತಾಗೋದೂ ಇಲ್ಲ. ನೆಟ್ ಕೇಬಲಿನ ನಿಯಮಗಳಲ್ಲಿ ಸಿಸಿಎಗೆ ಜಾಗವೇ ಇಲ್ಲ. ಆದರೂ ಡಬ್ಬಿ ಮೇಲೆ ಕ್ಯಾಟ್ 6 ಅಂತ ದಪ್ಪಗೆ ಬರೆದು ಮಾರುತ್ತಾರೆ. ಕೊಳ್ಳುವಾಗ ಡಬ್ಬಿ ಎತ್ತಿ ನೋಡಿ. 305 ಮೀಟರಿನ ಡಬ್ಬಿ ಒಂದೇ ಕೈಯಲ್ಲಿ ಹಗುರಾಗಿ ಬಂತು ಅಂದರೆ ಅನುಮಾನ ಪಡಿ. ಆಮೇಲೆ ಬ್ಲೇಡು ಕೇಳಿ ಅಲ್ಲೇ ಕೆರೆಯಿರಿ. ಅಂಗಡಿಯವರ ಮುಖ ಸಣ್ಣಗಾಗುತ್ತದೆ, ಆಗಲಿ.

ಪೂರ್ತಿ ತಾಮ್ರದ, ಹೊರಗೆ ಹಾಕೋಕೆ ಅಂತಲೇ ಇರೋ ಕಪ್ಪು ಸಿಪ್ಪೆಯ ಕೇಬಲ್ ತಂದೆ. ಬೂದು ಬಣ್ಣದ್ದು ಮನೆಯೊಳಗಿನದ್ದು, ಬಿಸಿಲಿಗೆ ಸಿಪ್ಪೆ ಒಡೆಯುತ್ತದೆ. ತೋಟದಲ್ಲಿ ಅಳಿಲು, ಮಂಗ ಎರಡೂ ಇವೆ, ಹಾಗಾಗಿ ಹಳೇ ಡ್ರಿಪ್ ಮೇನ್ ಲೈನಿನ ಕಪ್ಪು ಪೈಪು ಉಳಿದಿತ್ತಲ್ಲ, ಅದರೊಳಗೆ ತೂರಿಸಿದೆ. ಮೊದಲು ನೈಲಾನ್ ಹಗ್ಗ, ಅದರ ಬಾಲಕ್ಕೆ ಕೇಬಲ್. ಆ ಕಡೆ ಭಾವ ಎಳೆಯೋದು, ಈ ಕಡೆ ನಾನು ತಳ್ಳೋದು. ಹೇಳೋಕೆ ಸುಲಭ. ಪೈಪಿನ ಪ್ರತಿ ಜಾಯಿಂಟಿನಲ್ಲೂ ಸಿಕ್ಕಿಕೊಂಡು ಇಬ್ಬರ ಅಂಗೈಯೂ ಕೆಂಪಾಯಿತು, ಭಾವ ನನ್ನ ಮೇಲೆ ಹರಿಹಾಯ್ದದ್ದು ಇಲ್ಲಿ ಬರೆಯೋ ಹಾಗಿಲ್ಲ.

ಪ್ಲಗ್ ಕ್ರಿಂಪ್ ಮಾಡೋದು, ಅಂದರೆ ಕೇಬಲಿನ ತುದಿಗೆ ಒತ್ತಿ ಕೂರಿಸೋದು, ಕೈಗೆ ಹತ್ತಿದರೆ ಸುಲಭ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ. ಎರಡೂ ಕಡೆ ಒಂದೇ ಥರ ಇದ್ದರಾಯಿತು, ಬಣ್ಣ ಯಾವುದಾದರೇನು ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಹಸಿರು ಜೋಡಿ ಮೂರು ಮತ್ತು ಆರನೇ ಜಾಗದಲ್ಲಿ ಕೂರೋದಕ್ಕೆ ಕಾರಣ ಇದೆ. ಬಣ್ಣಗಳನ್ನು ಸಾಲಾಗಿ ಜೋಡಿಸಿಬಿಟ್ಟರೆ ಒಂದೇ ಜೋಡಿಯ ಸಿಗ್ನಲು ಎರಡು ಬೇರೆ ಬೇರೆ ಹೊಸೆದ ಜೋಡಿಗಳಿಗೆ ಹಂಚಿಹೋಗುತ್ತದೆ, ಉದ್ದ ಜಾಸ್ತಿಯಾದ ಹಾಗೆ ನೆಟ್ ತಡವರಿಸುತ್ತದೆ. ಬಡಪಾಯಿ ದೀಪದ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿಯೇ ಹತ್ತುತ್ತವೆ, ಅದಕ್ಕೆ ಈ ತಪ್ಪು ಕಾಣೋದೇ ಇಲ್ಲ. ಇನ್ನೊಂದು ಮಾತು, ಕ್ಯಾಮೆರಾದ ಜೊತೆ ಬರೋ ನೀರು ನುಗ್ಗದ ಮುಚ್ಚಳವನ್ನು ಪ್ಲಗ್ ಹಾಕೋ ಮೊದಲೇ ಕೇಬಲಿಗೆ ಪೋಣಿಸಿಕೊಳ್ಳಿ, ಆಮೇಲೆ ತೂರೋದಿಲ್ಲ. ಕೇಬಲ್ ಪೆಟ್ಟಿಗೆಯೊಳಗೆ ಹೋಗೋ ಮೊದಲು ಸ್ವಲ್ಪ ಕೆಳಗೆ ಜೋತು ಬೀಳೋ ಹಾಗೆ ಬಿಡಿ, ಮಳೆನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಪಂಪ್ ಶೆಡ್ ಮಾತ್ರ ಬೇರೆಯೇ ತಲೆನೋವು. ಮನೆಯಿಂದ ನೂರೈವತ್ತು ಮೀಟರ್ ಇದೆ. ಅಲ್ಲಿಗೆ ತ್ರೀ ಫೇಸ್ ಬರೋದು ದಿನಕ್ಕೆ ಕೆಲವು ಗಂಟೆ, ಆ ಕರೆಂಟನ್ನು ನೆಚ್ಚಿಕೊಂಡು ಕ್ಯಾಮೆರಾ ಇಡೋಕೆ ಆಗೋದಿಲ್ಲ. ನೆಟ್ ಕೇಬಲಿಗೆ ನಿಯಮದ ಪ್ರಕಾರ ನೂರು ಮೀಟರ್ ಮಿತಿ. ಅಲ್ಲಿಗೆ ಕರೆಂಟು ತಲುಪಿಸೋದು ಕಷ್ಟವಲ್ಲ, 48 ವೋಲ್ಟಿಗೆ ನೂರೈವತ್ತು ಮೀಟರಿನಲ್ಲಿ ಎರಡು ವೋಲ್ಟ್ ಹೋದೀತು. ಸಿಗ್ನಲ್ಲೇ ಅಷ್ಟು ದೂರ ನೆಟ್ಟಗೆ ಬರೋದಿಲ್ಲ. ಕೆಲವು ಸ್ವಿಚ್ಚುಗಳಲ್ಲಿ ಎಕ್ಸ್‌ಟೆಂಡ್ ಅಂತ ಒಂದು ಗುಂಡಿ ಇರುತ್ತದೆ, ಒತ್ತಿದರೆ ವೇಗ 10 ಎಂಬಿಪಿಎಸ್‌ಗೆ ಇಳಿದು 250 ಮೀಟರ್ ಹೋಗುತ್ತದೆ ಅಂತಾರೆ. ನಿಯಮದಲ್ಲಿ ಇಲ್ಲದ್ದು, ಆದರೆ ಒಂದು ಕ್ಯಾಮೆರಾಕ್ಕೆ ಆ ವೇಗ ಸಾಕು. ನಾನು ಅದನ್ನು ನೆಚ್ಚಲಿಲ್ಲ. ನಡುದಾರಿಯ ಕಲ್ಲುಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿ ಅದರೊಳಗೆ ಪಿಒಇ ಎಕ್ಸ್‌ಟೆಂಡರ್ ಇಟ್ಟೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ತನಗೆ ಬೇಕಾದ ಕರೆಂಟನ್ನು ಬಂದ ಕೇಬಲಿನಿಂದಲೇ ತಗೊಂಡು, ಸಿಗ್ನಲನ್ನು ಹೊಸದಾಗಿ ಮಾಡಿ, ಉಳಿದ ಕರೆಂಟನ್ನು ಮುಂದಕ್ಕೆ ದಾಟಿಸುತ್ತದೆ. ಅದಕ್ಕೂ ಪ್ಲಗ್ ಪಾಯಿಂಟ್ ಬೇಡ. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ವಸ್ತು ಇದೇ.

ಸ್ವಿಚ್ ಕೊಳ್ಳುವಾಗ ಒಟ್ಟು ವ್ಯಾಟ್ ಎಷ್ಟು ಅಂತ ನೋಡಿ. ನಾಲ್ಕು ಪೋರ್ಟ್, ಪ್ರತಿಯೊಂದಕ್ಕೂ 30 ವ್ಯಾಟ್ ಅಂತ ಬರೆದು, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಒಟ್ಟು 65 ಅಂತ ಇರುತ್ತದೆ. ನಮ್ಮಲ್ಲಿ ಎಲ್ಲ ಕ್ಯಾಮೆರಾ, ಎಕ್ಸ್‌ಟೆಂಡರ್ ಸೇರಿ ರಾತ್ರಿ ಹೊತ್ತು ಮೂವತ್ತು ದಾಟೋದಿಲ್ಲ, ಹಾಗಾಗಿ ಅದೇ ಸಾಕಾಯಿತು. ಕತ್ತಲಾದಾಗ ಎಲ್ಲಾ ದೀಪಗಳೂ ಒಟ್ಟಿಗೇ ಹತ್ತುತ್ತವೆ ಅನ್ನೋದು ನೆನಪಿರಲಿ, ಹಗಲಿನ ಲೆಕ್ಕ ಹಿಡಿದು ಸ್ವಿಚ್ ತರಬೇಡಿ.

ಇಷ್ಟೆಲ್ಲ ಮಾಡಿದ್ದರ ನಿಜವಾದ ಲಾಭ ಗೊತ್ತಾದದ್ದು ಮಳೆಗಾಲದಲ್ಲಿ. ಸ್ವಿಚ್ಚೂ ರೂಟರೂ ಜಗುಲಿಯ ಒಂದೇ ಕಪಾಟಿನಲ್ಲಿವೆ, ಎರಡೂ ಮನೆಯ ಇನ್ವರ್ಟರಿಗೆ. ಮೊದಲು ಕರೆಂಟ್ ಹೋದರೆ ಅಲ್ಲಲ್ಲಿ ಅಡಾಪ್ಟರ್ ಸಿಕ್ಕಿಸಿದ್ದ ಕ್ಯಾಮೆರಾಗಳು ಒಂದೊಂದಾಗಿ ಸಾಯುತ್ತಿದ್ದವು. ಈಗ ಕರೆಂಟಿನ ಚಿಂತೆ ಇರೋದು ಒಂದೇ ಜಾಗದಲ್ಲಿ. ಕ್ಯಾಮೆರಾಗಳ ಜೊತೆ ರೂಟರ್, ಸ್ವಿಚ್ಚು ಎಲ್ಲಾ ಸೇರಿ ನಲವತ್ತೈದು ವ್ಯಾಟ್ ಅಂತಿಟ್ಟುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇದೆ, ಇನ್ವರ್ಟರ್ ತಿನ್ನೋದು, ಬ್ಯಾಟರಿ ಹಳತಾಗಿರೋದು, ಮನೆಯ ನಾಲ್ಕು ಬಲ್ಬು ಎಲ್ಲಾ ಕಳೆದರೂ ಒಂದು ರಾತ್ರಿಗೆ ಮೋಸವಿಲ್ಲ. ಪಂಪ್ ಶೆಡ್ಡಿನ ಕ್ಯಾಮೆರಾ ಹ್ಯಾಂಗ್ ಆದರೆ ಕತ್ತಲಲ್ಲಿ ತೋಟಕ್ಕೆ ಇಳಿಯೋದೂ ತಪ್ಪಿತು, ಕೇಬಲನ್ನು ಜಗುಲಿಯಲ್ಲೇ ಕಿತ್ತು ಮತ್ತೆ ಸಿಕ್ಕಿಸಿದರೆ ರೀಸ್ಟಾರ್ಟ್. ಈಗ ರಾತ್ರಿ ಬರೋ ಸುಳ್ಳು ಅಲಾರಂ ಒಂದೇ, ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಕ್ಯಾಮೆರಾದ ಮುಖಕ್ಕೇ ಬಲೆ ಕಟ್ಟುತ್ತದೆ. ಅದಕ್ಕೆ ಇನ್ನೂ ಪೊರಕೆಯೇ ಗತಿ.

ಉಳಿದಿರೋದು ಸಿಡಿಲಿನ ವ್ಯವಸ್ಥೆ. ತೋಟದುದ್ದಕ್ಕೂ ತಾಮ್ರ ಎಳೆದಿದ್ದೇವೆ ಅಂದರೆ ಹತ್ತಿರದಲ್ಲಿ ಎಲ್ಲಾದರೂ ಸಿಡಿಲು ಬಡಿದರೆ ಅದು ನೇರ ಜಗುಲಿಗೆ ಬರೋ ದಾರಿ ಮಾಡಿಕೊಟ್ಟ ಹಾಗೇ. ಫೈಬರ್ ಹಾಕಿದ್ದರೆ ಆ ಭಯ ಇಲ್ಲ, ಆದರೆ ಗಾಜಿನ ಎಳೆಯಲ್ಲಿ ಈ ಥರ ಕರೆಂಟು ಹೋಗೋದಿಲ್ಲವಲ್ಲ. ಸರ್ಜ್ ಪ್ರೊಟೆಕ್ಟರ್ ತಂದಿಟ್ಟಿದ್ದೇನೆ, ಸರಿಯಾದ ಅರ್ತ್ ಇಲ್ಲದಿದ್ದರೆ ಅದು ಸುಮ್ನೆ ಒಂದು ಡಬ್ಬಿ. ಮನೆ ಹಿಂದೆ ಗುಂಡಿ ತೆಗೆದು ರಾಡ್ ಇಳಿಸಿ ಇದ್ದಿಲು, ಉಪ್ಪು ತುಂಬಬೇಕು. ಏಪ್ರಿಲ್ ಗುಡುಗು ಶುರುವಾಗೋ ಮೊದಲು ಮುಗಿಸಬೇಕು ಅಂತಿದೆ, ಗುಂಡಿ ತೋಡೋಕೆ ಆಳು ಸಿಕ್ಕರೆ. ಅಲ್ಲಿ ತನಕ ಮೋಡ ಕಟ್ಟಿದ ಕೂಡಲೇ ಸ್ವಿಚ್ಚಿನಿಂದ ಹೊರಗಿನ ಕೇಬಲುಗಳನ್ನು ಕಿತ್ತಿಡೋ ಕೆಲಸ ಅಪ್ಪಯ್ಯನದ್ದು.